ಎನ್8ಎನ್ ವರ್ಕ್‌ಫ್ಲೋಗಳ ಸ್ಥಳಾಂತರ: ಹಳೆಯ ಸರ್ವರ್‌ನಿಂದ ಹೊಸದಕ್ಕೆ ಸಾಗಿಸುವ ಕ್ರಮ

ಎನ್8ಎನ್‌ನಿಂದ ಒಂದು ವರ್ಕ್‌ಫ್ಲೋವನ್ನು, ಅಂದರೆ ತಾನಾಗಿ ನಡೆಯುವ ಕೆಲಸಗಳ ಸರಣಿಯನ್ನು, ಹೊರತೆಗೆಯುವುದು ಬಹಳ ಸುಲಭ. ಪರದೆಯ ಮೂಲೆಯ ಮೂರು ಚುಕ್ಕಿಗಳ ಮೆನು ತೆರೆದು ‘ಡೌನ್‌ಲೋಡ್’ ಒತ್ತಿದರೆ ಒಂದು ಜೇಸನ್ ಕಡತ ಕೈಗೆ ಬರುತ್ತದೆ. ಹೊಸ ಸರ್ವರ್‌ನಲ್ಲಿ ಅದೇ ಮೆನುವಿನಿಂದ ಆ ಕಡತವನ್ನು ಒಳಗೆ ತಂದರೆ ನೋಡ್‌ಗಳೂ (ಸರಣಿಯ ಒಂದೊಂದು ಹೆಜ್ಜೆ) ಅವುಗಳ ನಡುವಿನ ಗೆರೆಗಳೂ ಹಾಗೆಯೇ ಮೂಡುತ್ತವೆ. ಮೋಸ ಹೋಗುವುದು ಇಲ್ಲಿಯೇ. ಆ ನೋಡ್‌ಗಳು ಬಳಸುತ್ತಿದ್ದ ಪಾಸ್‌ವರ್ಡ್‌ಗಳು, ಅವು ನಂಬಿಕೊಂಡಿದ್ದ ಗಡಿಯಾರ, ಹೊರಗಿನ ಸೇವೆಗಳು ಬಂದು ತಟ್ಟುತ್ತಿದ್ದ ವಿಳಾಸ, ಒಂದು ವರ್ಕ್‌ಫ್ಲೋ ಇನ್ನೊಂದನ್ನು ಗುರುತಿಸುತ್ತಿದ್ದ ಐಡಿ, ಇವು ಯಾವುವೂ ಆ ಕಡತದ ಜೊತೆಗೆ ತಾವಾಗಿ ಬರುವುದಿಲ್ಲ. ಆದ್ದರಿಂದ ಸಾಗಿಸುವ ಕೆಲಸದಲ್ಲಿ ವರ್ಕ್‌ಫ್ಲೋ ಕಡತಕ್ಕೆ ಸಲ್ಲುವ ಪಾಲು ಕಡಿಮೆ, ಅದರ ಸುತ್ತಲಿನ ಸಾಮಾನಿಗೆ ಸಲ್ಲುವ ಪಾಲು ಹೆಚ್ಚು. ಈ ಲೇಖನವೂ ಅದೇ ಅನುಪಾತದಲ್ಲಿ ಸಾಗುತ್ತದೆ.

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಎನ್8ಎನ್ ಎಂಬುದು ಬರ್ಲಿನ್‌ನಲ್ಲಿ ಯಾನ್ ಓಬರ್‌ಹೌಸರ್ ಅವರು 2019ರಲ್ಲಿ ಹೊರತಂದ ವರ್ಕ್‌ಫ್ಲೋ ಆಟೊಮೇಷನ್ ತಂತ್ರಾಂಶ. ‘ನೋಡ್‌ಮೇಷನ್’ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಾಗ ಮೊದಲ ಮತ್ತು ಕೊನೆಯ ‘ಎನ್’ ಅಕ್ಷರಗಳ ನಡುವೆ 8 ಅಕ್ಷರಗಳು ಬರುತ್ತವೆ. ಹೆಸರು ಹುಟ್ಟಿದ್ದು ಹಾಗೆ. ನಮ್ಮದೇ ಸರ್ವರ್‌ನಲ್ಲಿ ನಡೆಸಿಕೊಳ್ಳಬಹುದು ಎಂಬ ಕಾರಣಕ್ಕೆ ಸಣ್ಣ ಕಚೇರಿಗಳು ಇದನ್ನು ಇಷ್ಟಪಡುತ್ತವೆ, ಮತ್ತು ನಮ್ಮದೇ ಸರ್ವರ್ ಎಂದ ಮೇಲೆ ಒಂದಲ್ಲ ಒಂದು ದಿನ ಅದನ್ನು ಬದಲಾಯಿಸಬೇಕಾಗಿ ಬರುತ್ತದೆ. ಇಲ್ಲಿ ಹೇಳುವುದೆಲ್ಲ ಡಾಕರ್ ಕಂಟೇನರ್‌ನಲ್ಲಿ (ತಂತ್ರಾಂಶವನ್ನು ಪ್ರತ್ಯೇಕವಾಗಿ ಕಟ್ಟಿ ನಡೆಸುವ ಪೆಟ್ಟಿಗೆಯಲ್ಲಿ) ನಡೆಯುತ್ತಿರುವ ಸ್ವಂತ ಸರ್ವರ್‌ಗೆ ಅನ್ವಯಿಸುತ್ತದೆ. ಆಜ್ಞೆಗಳ ಹೆಸರನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು, ಮತ್ತು ಪ್ರತಿ ಆಜ್ಞೆಯ ಕೊನೆಗೆ ಎರಡು ಅಡ್ಡಗೆರೆಯೊಂದಿಗೆ ‘ಹೆಲ್ಪ್’ ಎಂದು ಸೇರಿಸಿದರೆ ಅದರ ಆಯ್ಕೆಗಳೆಲ್ಲ ಕಾಣಿಸುತ್ತವೆ.

ಮೊದಲು ದಾರಿ ಆರಿಸಿಕೊಳ್ಳಿ

ಸಾಗಿಸಲು ಎರಡು ದಾರಿಗಳಿವೆ. ಮೊದಲನೆಯದು ಮನೆಯನ್ನೇ ಎತ್ತಿ ಇಡುವ ದಾರಿ. ಎನ್8ಎನ್ ತನ್ನದೆನ್ನುವುದನ್ನೆಲ್ಲ ಕಂಟೇನರ್‌ನೊಳಗೆ ‘ನೋಡ್’ ಎಂಬ ಬಳಕೆದಾರನ ಹೋಮ್ ಫೋಲ್ಡರ್‌ನಲ್ಲಿರುವ ‘ಡಾಟ್ ಎನ್8ಎನ್’ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತದೆ. ನೀವು ಬೇರೆ ಡೇಟಾಬೇಸ್ ಹೇಳದಿದ್ದರೆ ಎಸ್‌ಕ್ಯೂಲೈಟ್ ಡೇಟಾಬೇಸಿನ ಕಡತವೂ ಅಲ್ಲೇ ಇರುತ್ತದೆ. ಕಂಟೇನರನ್ನು ನಿಲ್ಲಿಸಿ, ಆ ಫೋಲ್ಡರ್ ಕೂತಿರುವ ವಾಲ್ಯೂಮನ್ನು (ಕಂಟೇನರ್ ಹೋದರೂ ಉಳಿಯುವ ಡಾಕರ್‌ನ ಸಂಗ್ರಹ ಜಾಗ) ಪೂರ್ತಿಯಾಗಿ ಟಾರ್ ಕಡತವಾಗಿ (ಹಲವು ಕಡತಗಳ ಒಂದೇ ಕಟ್ಟು) ಕಟ್ಟಿ, ಹೊಸ ಯಂತ್ರದಲ್ಲಿ ಬಿಚ್ಚಿ, ಅದೇ ಆವೃತ್ತಿಯ ಕಂಟೇನರನ್ನು ಅದರ ಮೇಲೆ ಎಬ್ಬಿಸಿದರೆ ಬಳಕೆದಾರರು, ಪಾಸ್‌ವರ್ಡ್‌ಗಳು, ಹಳೆಯ ಎಕ್ಸಿಕ್ಯೂಷನ್‌ಗಳ (ವರ್ಕ್‌ಫ್ಲೋ ಓಡಿದ ಸಲಗಳ) ದಾಖಲೆ ಎಲ್ಲವೂ ಬಂದಿರುತ್ತವೆ. ಇಡೀ ಸರ್ವರ್ ಬದಲಾಗುತ್ತಿದ್ದು, ಡೇಟಾಬೇಸಿನ ಬಗೆ ಬದಲಾಗದೆ ಇದ್ದರೆ ನಾನು ಇದನ್ನೇ ಸೂಚಿಸುತ್ತೇನೆ. ಒಂದೇ ಎಚ್ಚರಿಕೆ: ಕಂಟೇನರ್ ನಡೆಯುತ್ತಿರುವಾಗ ಎಸ್‌ಕ್ಯೂಲೈಟ್ ಕಡತವನ್ನು ನಕಲು ಮಾಡಬಾರದು. ಮುಖ್ಯ ಕಡತದ ಪಕ್ಕದಲ್ಲಿ ‘ವಾಲ್’ ಎಂದು ಕೊನೆಗೊಳ್ಳುವ ಇನ್ನೊಂದು ಕಡತವಿದ್ದರೆ, ಇತ್ತೀಚಿನ ಬರಹಗಳು ಇನ್ನೂ ಅದರಲ್ಲೇ ಉಳಿದು ಮುಖ್ಯ ಕಡತಕ್ಕೆ ಸೇರದೆ ಇರಬಹುದು. ಆಗ ನೀವು ಒಯ್ಯುವುದು ಅರ್ಧ ಡೇಟಾಬೇಸನ್ನು.

ಎರಡನೆಯದು ಆಯ್ದು ಕಟ್ಟುವ ದಾರಿ, ಅಂದರೆ ಎಕ್ಸ್‌ಪೋರ್ಟ್ ಮತ್ತು ಇಂಪೋರ್ಟ್. ಪರೀಕ್ಷೆಯ ಸರ್ವರ್‌ನಿಂದ ನಿಜ ಬಳಕೆಯ ಸರ್ವರ್‌ಗೆ ಕೆಲವೇ ವರ್ಕ್‌ಫ್ಲೋಗಳನ್ನು ಏರಿಸುವಾಗ, ಎಸ್‌ಕ್ಯೂಲೈಟ್‌ನಿಂದ ಪೋಸ್ಟ್‌ಗ್ರೆಸ್ ಎಂಬ ಬೇರೆ ಡೇಟಾಬೇಸಿಗೆ ಹೋಗುವಾಗ, ಅಥವಾ ವರ್ಷಗಳಿಂದ ಊದಿಕೊಂಡ ಡೇಟಾಬೇಸನ್ನು ಬಿಟ್ಟು ಹೊಸದಾಗಿ ಆರಂಭಿಸಬೇಕೆನಿಸಿದಾಗ ಇದೇ ಸರಿ. ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಬಳಸುತ್ತಿದ್ದವರಿಗಂತೂ ಬೇರೆ ಮಾರ್ಗವಿಲ್ಲ, ಏಕೆಂದರೆ ಎನ್8ಎನ್‌ನ 2.0 ಆವೃತ್ತಿಯಿಂದ ಅವೆರಡಕ್ಕೂ ಬೆಂಬಲ ನಿಂತಿದೆ. ಎಕ್ಸಿಕ್ಯೂಷನ್‌ಗಳ ಇತಿಹಾಸ ಈ ಗಂಟಿನಲ್ಲಿ ಬರುವುದಿಲ್ಲ. ಮುಂದಿನ ಹಂತಗಳು ಮುಖ್ಯವಾಗಿ ಈ ಎರಡನೆಯ ದಾರಿಯವು. ಆದರೂ ಗಡಿಯಾರ, ವಿಳಾಸ ಮತ್ತು ಬದಲಾವಣೆಯ ಕ್ಷಣದ ಬಗ್ಗೆ ಹೇಳಿರುವುದು ಮೊದಲ ದಾರಿ ಹಿಡಿದವರಿಗೂ ಅಷ್ಟೇ ಸಲ್ಲುತ್ತದೆ.

ಹಂತ 1: ಕೀಲಿಯನ್ನು ಎತ್ತಿಟ್ಟುಕೊಳ್ಳಿ

ಬೇರೆ ಯಾವ ಕೆಲಸಕ್ಕೂ ಮುಂಚೆ ಇದು. ಎನ್8ಎನ್ ಮೊದಲ ಬಾರಿ ಎದ್ದಾಗ ಒಂದು ಎನ್‌ಕ್ರಿಪ್ಷನ್ ಕೀಲಿಯನ್ನು ತಾನೇ ಯಾದೃಚ್ಛಿಕವಾಗಿ ಸೃಷ್ಟಿಸಿಕೊಂಡು, ‘ಡಾಟ್ ಎನ್8ಎನ್’ ಫೋಲ್ಡರ್‌ನಲ್ಲಿರುವ ‘ಕಾನ್ಫಿಗ್’ ಎಂಬ ಪುಟ್ಟ ಕಡತದಲ್ಲಿ ಬರೆದಿಡುತ್ತದೆ. ನೀವು ಸೇರಿಸುವ ಪ್ರತಿ ಪಾಸ್‌ವರ್ಡ್, ಪ್ರತಿ ಎಪಿಐ ಕೀ, ಪ್ರತಿ ಟೋಕನ್ ಡೇಟಾಬೇಸಿಗೆ ಹೋಗುವ ಮೊದಲು ಈ ಕೀಲಿಯಿಂದ ಗೂಢಲಿಪಿಯಾಗುತ್ತದೆ. ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿದ್ದರೂ ಕೀಲಿ ಮಾತ್ರ ಈ ಫೋಲ್ಡರ್‌ನಲ್ಲೇ ಇರುತ್ತದೆ. ಪೋಸ್ಟ್‌ಗ್ರೆಸ್‌ನ ಬ್ಯಾಕಪ್ ಅನ್ನು ಪ್ರತಿರಾತ್ರಿ ತಪ್ಪದೆ ತೆಗೆಯುವ ಶಿಸ್ತಿನವರೂ ಎಡವುವುದು ಇದೇ ಕಾರಣಕ್ಕೆ.

ಹೀಗೆ ಎಡವಿದವರಲ್ಲಿ ನಾನೂ ಒಬ್ಬ. ಒಂದು ಸಣ್ಣ ಸಂಸ್ಥೆಯ ಸರ್ವರ್ ಬದಲಾಯಿಸುವಾಗ ಡೇಟಾಬೇಸನ್ನು ಜೋಪಾನವಾಗಿ ತಂದು, ಹೊಸ ಕಂಟೇನರನ್ನು ಎಬ್ಬಿಸಿ ನೋಡಿದೆ. ವರ್ಕ್‌ಫ್ಲೋಗಳೆಲ್ಲ ಇದ್ದವು, ಕ್ರೆಡೆನ್ಶಿಯಲ್‌ಗಳ (ಉಳಿಸಿಟ್ಟ ಪಾಸ್‌ವರ್ಡ್, ಕೀ, ಟೋಕನ್‌ಗಳ) ಪಟ್ಟಿಯಲ್ಲಿ ಹೆಸರುಗಳೆಲ್ಲ ಇದ್ದವು. ಸಮಾಧಾನದಿಂದ ಹಳೆಯ ಯಂತ್ರವನ್ನು ಅಳಿಸಿಹಾಕಿದೆ. ಆಮೇಲೆ ಒಂದು ಕ್ರೆಡೆನ್ಶಿಯಲ್ ತೆರೆದಾಗ, ಅದನ್ನು ಬಿಡಿಸಿ ಓದಲಾಗುತ್ತಿಲ್ಲ, ಬಹುಶಃ ಬೇರೆ ಕೀಲಿ ಬಳಸಲಾಗಿದೆ ಎಂಬ ಅರ್ಥದ ಸಂದೇಶ ಬಂತು. ಕೀಲಿ ಹಳೆಯ ಯಂತ್ರದ ಜೊತೆಗೇ ಹೋಗಿತ್ತು. ಅದಿಲ್ಲದೆ ಆ ಗೂಢಲಿಪಿಯನ್ನು ಬಿಡಿಸುವ ಉಪಾಯವಿಲ್ಲ. ಮುಂದಿನ ಎರಡು ದಿನ ಕಳೆದದ್ದು ಒಬ್ಬೊಬ್ಬರಿಗೇ ಫೋನ್ ಮಾಡಿ ಪಾಸ್‌ವರ್ಡ್ ಕೇಳುವುದರಲ್ಲಿ.

ಆದ್ದರಿಂದ ‘ಕಾನ್ಫಿಗ್’ ಕಡತವನ್ನು ತೆರೆದು ಅದರಲ್ಲಿರುವ ಕೀಲಿಯನ್ನು ನಿಮ್ಮ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಉಳಿಸಿ. ಅದು ಅಲ್ಲಿ ಕಾಣದಿದ್ದರೆ ಡಾಕರ್ ಕಾಂಪೋಸ್ ಕಡತದಲ್ಲೋ (ಕಂಟೇನರನ್ನು ಹೇಗೆ ಎಬ್ಬಿಸಬೇಕೆಂದು ಬರೆದಿಟ್ಟ ಕಡತ) ಅದರ ಪಕ್ಕದ ‘ಡಾಟ್ ಎನ್ವ್’ ಕಡತದಲ್ಲೋ ಎನ್8ಎನ್ ಎನ್‌ಕ್ರಿಪ್ಷನ್ ಕೀ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ತಂತ್ರಾಂಶಕ್ಕೆ ಹೊರಗಿನಿಂದ ಕೊಡುವ ಹೊಂದಾಣಿಕೆ) ಆಗಿ ಇರುತ್ತದೆ. ಹೊಸ ಸರ್ವರ್‌ಗೂ ಇದೇ ಕೀಲಿಯನ್ನು ಆ ವೇರಿಯಬಲ್ ಮೂಲಕವೇ ಕೊಡುವುದು ಒಳ್ಳೆಯದು. ಆಗ ಅದು ಯಾವುದೋ ಫೋಲ್ಡರ್‌ನ ಮೂಲೆಯಲ್ಲಿ ಅಡಗಿರದೆ ನಿಮ್ಮ ಕಣ್ಣೆದುರಿಗೇ ಇರುತ್ತದೆ.

ಇದೇ ಬಗೆಯ ನೋಡ್-ರೆಡ್ ಬಳಸುವವರಿಗೂ ಕಥೆ ಬೇರೆಯಲ್ಲ. ಅಲ್ಲಿ ಫ್ಲೋಗಳು ಒಂದು ಕಡತದಲ್ಲಿ, ಗುಟ್ಟಿನ ವಿವರಗಳು ‘ಕ್ರೆಡ್’ ಎಂದಿರುವ ಇನ್ನೊಂದು ಕಡತದಲ್ಲಿ, ಅದನ್ನು ಬಿಡಿಸುವ ಕೀಲಿ ಮೂರನೆಯದೊಂದು ಕಡತದಲ್ಲಿ ಇರುತ್ತವೆ. ಮೊದಲೆರಡನ್ನು ಒಯ್ದು ಮೂರನೆಯದನ್ನು ಮರೆಯುವವರು ಅಲ್ಲಿಯೂ ಉಂಟು.

ಹಂತ 2: ಪಟ್ಟಿ ಮಾಡಿ, ಆವೃತ್ತಿ ಹೊಂದಿಸಿ

ಒಂದು ಕಾಗದ ತೆಗೆದುಕೊಂಡು ಹಳೆಯ ಸರ್ವರ್‌ನಲ್ಲಿ ಏನೇನು ಇದೆ ಎಂದು ಬರೆಯಿರಿ. ವರ್ಕ್‌ಫ್ಲೋಗಳ ಹೆಸರು, ಅವುಗಳಲ್ಲಿ ಚಾಲನೆಯಲ್ಲಿರುವುವು ಯಾವುವು, ಪ್ರತಿಯೊಂದನ್ನೂ ಎಬ್ಬಿಸುವುದು ಯಾವುದು (ವೇಳಾಪಟ್ಟಿಯೋ, ವೆಬ್‌ಹುಕ್ಕೋ ಅಂದರೆ ಹೊರಗಿನ ಸೇವೆ ಬಂದು ತಟ್ಟುವ ವಿಳಾಸವೋ, ಟೆಲಿಗ್ರಾಂ ಸಂದೇಶವೋ, ಇನ್ನೊಂದು ವರ್ಕ್‌ಫ್ಲೋವೋ) ಎಂಬುದು ಪಟ್ಟಿಯಲ್ಲಿರಬೇಕು. ಚಾಲನೆಯಲ್ಲಿರುವುವನ್ನು ಗುರುತು ಹಾಕಿಕೊಳ್ಳುವುದು ಮುಖ್ಯ. ಆಜ್ಞೆಯ ಮೂಲಕ ಒಳಗೆ ತಂದ ವರ್ಕ್‌ಫ್ಲೋಗಳನ್ನು ಎನ್8ಎನ್ ಬೇಕೆಂದೇ ನಿಷ್ಕ್ರಿಯವಾಗಿ ಇಡುತ್ತದೆ, ಹಾಗಾಗಿ ಯಾವುದು ಓಡುತ್ತಿತ್ತು ಎಂಬ ನೆನಪು ನಿಮ್ಮ ಕಾಗದದಲ್ಲಿ ಮಾತ್ರ ಉಳಿಯುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಕಮ್ಯೂನಿಟಿ ನೋಡ್ಸ್ ಪುಟವನ್ನೂ ನೋಡಿ. ಅಲ್ಲಿ ಏನಾದರೂ ಇದ್ದರೆ ಹೆಸರನ್ನೂ ಆವೃತ್ತಿಯನ್ನೂ ಬರೆದುಕೊಳ್ಳಿ, ಏಕೆಂದರೆ ಹೊರಗಿನವರು ಬರೆದ ಈ ನೋಡ್‌ಗಳು ವರ್ಕ್‌ಫ್ಲೋ ಕಡತದೊಳಗೆ ಸೇರಿರುವುದಿಲ್ಲ. ಹೊಸ ಸರ್ವರ್‌ನಲ್ಲಿ ಅವು ಇಲ್ಲದಿದ್ದರೆ ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಅಪರಿಚಿತ ನೋಡ್ ಕಾಣಿಸುತ್ತದೆ. ಕೋಡ್ ನೋಡ್‌ನಲ್ಲಿ ಹೊರಗಿನ ಮಾಡ್ಯೂಲ್‌ಗಳನ್ನು ಬಳಸಿದ್ದರೆ, ಅವಕ್ಕೆ ಅನುಮತಿ ಕೊಟ್ಟಿರುವ ಎನ್ವಿರಾನ್‌ಮೆಂಟ್ ವೇರಿಯಬಲ್ ಕೂಡ ಪಟ್ಟಿಗೆ ಸೇರಬೇಕು.

ಆವೃತ್ತಿಯ ವಿಷಯದಲ್ಲಿ ನಿಯಮ ಸರಳ. ಎರಡೂ ಕಡೆ ಒಂದೇ ಆವೃತ್ತಿಯನ್ನು ಇಟ್ಟು ಸಾಗಿಸಿ, ಎಲ್ಲವೂ ನಡೆಯುತ್ತಿದೆ ಎಂದು ಖಾತರಿಯಾದ ಮೇಲೆ ಬೇಕಿದ್ದರೆ ಹೊಸ ಆವೃತ್ತಿಗೆ ಏರಿ. ಪ್ರತಿ ನೋಡ್‌ಗೂ ತನ್ನದೇ ಆವೃತ್ತಿ ಸಂಖ್ಯೆ ಇರುತ್ತದೆ. ಹೊಸ ಸರ್ವರ್‌ನಲ್ಲಿ ಮಾಡಿದ ವರ್ಕ್‌ಫ್ಲೋವನ್ನು ಹಳೆಯ ಆವೃತ್ತಿಯ ಸರ್ವರ್‌ಗೆ ಇಳಿಸಿದರೆ ಅದಕ್ಕೆ ಆ ಸಂಖ್ಯೆಯ ಗುರುತೇ ಸಿಗದೆ ಹೋಗಬಹುದು. ಸಾಗಣೆಯನ್ನೂ ಅಪ್‌ಗ್ರೇಡನ್ನೂ ಒಂದೇ ರಾತ್ರಿ ಮುಗಿಸಿಬಿಡುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಹುಡುಕುವುದು ಆಗ ದುಪ್ಪಟ್ಟು ಕಷ್ಟ. 1ರ ಸಾಲಿನ ಆವೃತ್ತಿಯಿಂದ 2.0ಕ್ಕೆ ಹೋಗುವವರು ಇನ್ನಷ್ಟು ತಾಳ್ಮೆಯಿಂದಿರಬೇಕು: ಎಕ್ಸಿಕ್ಯೂಟ್ ಕಮಾಂಡ್ ನೋಡ್ ಅಲ್ಲಿ ಮೊದಲೇ ನಿಷ್ಕ್ರಿಯವಾಗಿರುತ್ತದೆ, ಮತ್ತು ‘ಆಕ್ಟಿವ್’ ಎಂಬ ಸ್ವಿಚ್ಚಿನ ಬದಲು ‘ಪಬ್ಲಿಷ್’ ಎಂಬ ಗುಂಡಿ ಬಂದಿದೆ. ಕಾಂಪೋಸ್ ಕಡತದಲ್ಲಿ ‘ಲೇಟೆಸ್ಟ್’ ಎಂದು ಬರೆದಿದ್ದರೆ ಅದನ್ನು ತೆಗೆದು ಹಳೆಯ ಸರ್ವರ್‌ನ ನಿಖರ ಆವೃತ್ತಿ ಸಂಖ್ಯೆಯನ್ನು ಬರೆಯಿರಿ. ಇಲ್ಲವಾದರೆ ನಿಮಗೆ ಗೊತ್ತಿಲ್ಲದೆಯೇ ಹೊಸ ಯಂತ್ರ ಹೊಸ ಆವೃತ್ತಿಯನ್ನು ಎಳೆದುಕೊಂಡಿರುತ್ತದೆ.

ಹಂತ 3: ಗಂಟು ಕಟ್ಟಿ

ಪರದೆಯ ಮೇಲಿಂದ ಒಂದೊಂದನ್ನೇ ಡೌನ್‌ಲೋಡ್ ಮಾಡುವುದು ಎರಡು ಮೂರು ವರ್ಕ್‌ಫ್ಲೋಗಳಿಗೆ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಆಜ್ಞೆಯನ್ನೇ ಬಳಸಿ. ಕಾರಣ ಬರೀ ವೇಗವಲ್ಲ. ಪರದೆಯ ಮೂಲಕ ಒಳತಂದ ವರ್ಕ್‌ಫ್ಲೋಗೆ ಹೊಸ ಸರ್ವರ್ ಹೊಸ ಐಡಿ ಕೊಡುತ್ತದೆ. ಆಜ್ಞೆಯ ಮೂಲಕ ತಂದದ್ದಕ್ಕೆ ಹಳೆಯ ಐಡಿಯೇ ಉಳಿಯುತ್ತದೆ. ಒಂದು ವರ್ಕ್‌ಫ್ಲೋ ಇನ್ನೊಂದನ್ನು ಕರೆಯುವ ಸಬ್-ವರ್ಕ್‌ಫ್ಲೋ ನೋಡ್ ಮತ್ತು ತಪ್ಪು ಸಂಭವಿಸಿದಾಗ ಓಡಬೇಕಾದ ಎರರ್ ವರ್ಕ್‌ಫ್ಲೋ ಆಯ್ಕೆ ಎರಡೂ ಗುರುತು ಹಿಡಿಯುವುದು ಐಡಿಯಿಂದಲೇ, ಹೆಸರಿನಿಂದಲ್ಲ. ಐಡಿ ಬದಲಾದರೆ ಆ ಕೊಂಡಿಗಳು ಸದ್ದಿಲ್ಲದೆ ಕಳಚುತ್ತವೆ. ಎರರ್ ವರ್ಕ್‌ಫ್ಲೋದ ಕೊಂಡಿ ಕಳಚಿದ್ದು ಗೊತ್ತಾಗುವುದು ಬೇರೇನೋ ಕೆಟ್ಟು, ಬರಬೇಕಾದ ಎಚ್ಚರಿಕೆಯ ಸಂದೇಶ ಬಾರದೆ ಹೋದಾಗ.

ಡಾಕರ್ ಎಕ್ಸೆಕ್ ಮೂಲಕ, ‘ನೋಡ್’ ಬಳಕೆದಾರನಾಗಿ, ಕಂಟೇನರ್‌ನೊಳಗೆ ಎನ್8ಎನ್‌ನ ಎಕ್ಸ್‌ಪೋರ್ಟ್ ವರ್ಕ್‌ಫ್ಲೋ ಆಜ್ಞೆಯನ್ನು ‘ಬ್ಯಾಕಪ್’ ಎಂಬ ಆಯ್ಕೆಯೊಂದಿಗೆ ಕೊಡಿ. ‘ಔಟ್‌ಪುಟ್’ ಆಯ್ಕೆಯಲ್ಲಿ ಫೋಲ್ಡರಿನ ದಾರಿ ತಿಳಿಸಿ. ಬ್ಯಾಕಪ್ ಎಂಬ ಈ ಒಂದು ಆಯ್ಕೆ ಮೂರು ಕೆಲಸ ಮಾಡುತ್ತದೆ: ಎಲ್ಲ ವರ್ಕ್‌ಫ್ಲೋಗಳನ್ನೂ ತೆಗೆಯುತ್ತದೆ, ಪ್ರತಿಯೊಂದನ್ನೂ ಬೇರೆ ಬೇರೆ ಕಡತದಲ್ಲಿ ಇಡುತ್ತದೆ, ಓದಲು ಬರುವಂತೆ ಸಾಲುಗಳನ್ನು ಬಿಡಿಸಿ ಬರೆಯುತ್ತದೆ. ಕಡತದ ಹೆಸರು ವರ್ಕ್‌ಫ್ಲೋದ ಐಡಿಯೇ ಆಗಿರುವುದರಿಂದ ಈ ಫೋಲ್ಡರನ್ನು ಗಿಟ್‌ನಲ್ಲಿ ಇಟ್ಟರೆ ಯಾವ ದಿನ ಏನು ಬದಲಾಯಿತು ಎಂಬುದು ಚೆನ್ನಾಗಿ ಕಾಣುತ್ತದೆ. ಔಟ್‌ಪುಟ್ ಫೋಲ್ಡರ್ ವಾಲ್ಯೂಮ್‌ನ ಒಳಗೇ ಇರಲಿ. ಕಂಟೇನರಿನ ಬೇರೆ ಜಾಗದಲ್ಲಿ ಬರೆದರೆ, ಅದನ್ನು ನಕಲು ಮಾಡಿಕೊಳ್ಳುವ ಮೊದಲೇ ಕಂಟೇನರನ್ನು ತೆಗೆದುಹಾಕಿದಾಗ ಗಂಟೂ ಹೋಗುತ್ತದೆ.

ಇನ್ನು ಕ್ರೆಡೆನ್ಶಿಯಲ್‌ಗಳು. ಎಕ್ಸ್‌ಪೋರ್ಟ್ ಕ್ರೆಡೆನ್ಶಿಯಲ್ಸ್ ಆಜ್ಞೆಗೂ ಬ್ಯಾಕಪ್ ಆಯ್ಕೆ ಇದೆ. ಸುಮ್ಮನೆ ಕೊಟ್ಟರೆ ಗುಟ್ಟಿನ ವಿವರಗಳು ಗೂಢಲಿಪಿಯಲ್ಲೇ ಹೊರಬರುತ್ತವೆ. ಹೊಸ ಸರ್ವರ್‌ನಲ್ಲಿ ಅದೇ ಕೀಲಿಯಿದ್ದರೆ ಸಾಕು, ಅವು ಅಲ್ಲಿ ತೆರೆದುಕೊಳ್ಳುತ್ತವೆ. ‘ಡಿಕ್ರಿಪ್ಟೆಡ್’ ಎಂಬ ಇನ್ನೊಂದು ಆಯ್ಕೆಯೂ ಉಂಟು. ಅದನ್ನು ಕೊಟ್ಟರೆ ಎಲ್ಲ ಪಾಸ್‌ವರ್ಡ್‌ಗಳೂ ಬರಿಗಣ್ಣಿಗೆ ಓದಿಸುವ ಅಕ್ಷರಗಳಲ್ಲಿ ಕಡತಕ್ಕೆ ಇಳಿಯುತ್ತವೆ, ಮತ್ತು ಆ ಕಡತವನ್ನು ಒಳತರುವಾಗ ಹೊಸ ಸರ್ವರ್ ತನ್ನ ಕೀಲಿಯಿಂದ ಅವನ್ನು ಮತ್ತೆ ಮುಚ್ಚಿಕೊಳ್ಳುತ್ತದೆ. ಹೊಸ ಸರ್ವರ್ ಆಗಲೇ ಬೇರೆ ಕೀಲಿಯೊಂದಿಗೆ ಬಳಕೆಯಲ್ಲಿದ್ದು ಅದನ್ನು ಬದಲಿಸಲಾಗದ ಸ್ಥಿತಿಯಲ್ಲಿ ಮಾತ್ರ ಈ ದಾರಿ ಹಿಡಿಯಿರಿ. ಉಳಿದಂತೆ ಒಂದೇ ಕೀಲಿ ಹಂಚಿಕೊಳ್ಳುವುದು ಎಷ್ಟೋ ಕ್ಷೇಮ.

ಗಂಟು ಕಟ್ಟುವ ಮೊದಲು ವರ್ಕ್‌ಫ್ಲೋ ಕಡತಗಳನ್ನು ಒಮ್ಮೆ ಹುಡುಕಿ ನೋಡಿ. ಆ ಕಡತಗಳಲ್ಲಿ ಕ್ರೆಡೆನ್ಶಿಯಲ್‌ನ ಹೆಸರು ಮತ್ತು ಐಡಿ ಮಾತ್ರ ಇರಬೇಕು. ಆದರೆ ಅವಸರದಲ್ಲಿ ಎಚ್‌ಟಿಟಿಪಿ ರಿಕ್ವೆಸ್ಟ್ ನೋಡ್‌ನ ಹೆಡರಿನಲ್ಲೇ ಟೋಕನ್ ಅಂಟಿಸಿದ್ದರೆ, ಅಥವಾ ಕರ್ಲ್ ಆಜ್ಞೆಯನ್ನು ಹಾಗೆಯೇ ಒಳತಂದಿದ್ದರೆ, ಅದು ಕಡತದಲ್ಲಿ ಬೆತ್ತಲಾಗಿ ಕುಳಿತಿರುತ್ತದೆ. ‘ಬೇರರ್’, ‘ಪಾಸ್‌ವರ್ಡ್’, ‘ಟೋಕನ್’ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಗ್ರೆಪ್ ಆಜ್ಞೆಯಿಂದ ಹುಡುಕಿದರೆ ಹೆಚ್ಚಿನವು ಸಿಗುತ್ತವೆ. ಪಿನ್ ಮಾಡಿದ ಡೇಟಾ (ನೋಡ್‌ನಲ್ಲಿ ಸ್ಥಿರವಾಗಿ ಉಳಿಸಿಟ್ಟ ಮಾದರಿ ಉತ್ತರ) ಕೂಡ ಕಡತದ ಜೊತೆಗೆ ಬರುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಪರೀಕ್ಷೆಗೆಂದು ನಿಜವಾದ ಗ್ರಾಹಕರ ಹೆಸರು, ಫೋನ್ ಸಂಖ್ಯೆಗಳಿರುವ ಉತ್ತರವನ್ನು ಒಂದು ನೋಡ್‌ನಲ್ಲಿ ಪಿನ್ ಮಾಡಿ ಮರೆತಿದ್ದರೆ, ಆ ವಿವರಗಳೆಲ್ಲ ಗಿಟ್‌ವರೆಗೂ ಪ್ರಯಾಣ ಮಾಡಿಬಿಡುತ್ತವೆ.

ಹಂತ 4: ಸಾಗಿಸಿ

ವರ್ಕ್‌ಫ್ಲೋ ಮತ್ತು ಕ್ರೆಡೆನ್ಶಿಯಲ್‌ಗಳ ಎರಡು ಫೋಲ್ಡರ್‌ಗಳನ್ನೂ ಒಂದೇ ಟಾರ್ ಕಡತವಾಗಿ ಕಟ್ಟಿ, ಜಿಪಿಜಿ ತಂತ್ರಾಂಶದಿಂದ ಗೂಢಲಿಪಿಯಾಗಿ ಮುಚ್ಚಿ, ಎಸ್‌ಸಿಪಿ ಎಂಬ ಕಡತ ಸಾಗಿಸುವ ಆಜ್ಞೆಯ ಮೂಲಕ ನೇರವಾಗಿ ಹೊಸ ಯಂತ್ರಕ್ಕೆ ಕಳಿಸಿ. ಎರಡೂ ತುದಿಯಲ್ಲಿ ಶಾ-256 ಮೊತ್ತವನ್ನು (ಕಡತದ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಹೋಲಿಸಿ ನೋಡಿದರೆ ಕಡತ ದಾರಿಯಲ್ಲಿ ಕೆಟ್ಟಿಲ್ಲ ಎಂಬುದು ಖಚಿತವಾಗುತ್ತದೆ. ಕೀಲಿಯನ್ನು ಈ ಗಂಟಿನೊಳಗೆ ಇಡಬೇಡಿ, ಅದು ಬೇರೆ ದಾರಿಯಲ್ಲಿ ಹೋಗಲಿ. ವಾಟ್ಸ್ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಳ್ಳುವ ಅಭ್ಯಾಸ ಇರುವವರು ಈ ಒಂದು ಸಲ ಅದನ್ನು ಬದಿಗಿಡುವುದು ಒಳಿತು.

ಹಂತ 5: ಹೊಸ ಮನೆಯನ್ನು ಅಣಿಗೊಳಿಸಿ

ಹೊಸ ಕಂಟೇನರನ್ನು ಮೊದಲ ಬಾರಿ ಎಬ್ಬಿಸುವುದಕ್ಕೆ ಮುಂಚೆಯೇ ಅದರ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಸಿದ್ಧವಾಗಿರಬೇಕು, ಮುಖ್ಯವಾಗಿ ಕೀಲಿ. ‘ಹೇಗಿದೆ ನೋಡೋಣ’ ಎಂದು ಕೀಲಿ ಕೊಡದೆ ಒಮ್ಮೆ ಎಬ್ಬಿಸಿದರೆ ಅದು ತನ್ನದೇ ಹೊಸ ಕೀಲಿಯನ್ನು ‘ಕಾನ್ಫಿಗ್’ ಕಡತದಲ್ಲಿ ಬರೆದುಬಿಡುತ್ತದೆ. ಆಮೇಲೆ ನೀವು ವೇರಿಯಬಲ್‌ನಲ್ಲಿ ಹಳೆಯ ಕೀಲಿ ಕೊಟ್ಟಾಗ ಎರಡೂ ಹೊಂದುತ್ತಿಲ್ಲ ಎಂದು ಹೇಳಿ ಏಳಲು ನಿರಾಕರಿಸುತ್ತದೆ. ಹೊಸ ಸರ್ವರ್‌ನಲ್ಲಿ ಇನ್ನೂ ಏನೂ ಇಲ್ಲದಿದ್ದರೆ ಆ ವಾಲ್ಯೂಮನ್ನು ಅಳಿಸಿ ಮತ್ತೆ ಆರಂಭಿಸುವುದೇ ಸುಲಭ. ಫೋಲ್ಡರ್‌ನ ಒಡೆತನವನ್ನೂ ನೋಡಿಕೊಳ್ಳಿ: ಕಂಟೇನರಿನ ‘ನೋಡ್’ ಬಳಕೆದಾರನ ಸಂಖ್ಯೆ 1000. ರೂಟ್ ಆಗಿ ಬಿಚ್ಚಿದ ಕಡತಗಳ ಮೇಲೆ ಅವನಿಗೆ ಬರೆಯುವ ಹಕ್ಕಿಲ್ಲದೆ ಹೋಗುವುದು ಪದೇ ಪದೇ ಕಾಣುವ ತೊಂದರೆ.

ನಂತರ ಗಡಿಯಾರ. ಇದು ನಮ್ಮವರನ್ನು ಬಹಳ ಕಾಡುತ್ತದೆ. ಸ್ವಂತ ಸರ್ವರ್‌ನಲ್ಲಿ ಏನೂ ಹೇಳದಿದ್ದರೆ ಎನ್8ಎನ್ ನ್ಯೂಯಾರ್ಕ್‌ನ ಸಮಯವನ್ನು ಹಿಡಿದು ಕೂರುತ್ತದೆ. ಬೆಳಿಗ್ಗೆ 9ಕ್ಕೆ ಓಡಬೇಕೆಂದು ನೀವು ಇಟ್ಟ ವೇಳಾಪಟ್ಟಿ ಆಗ ಭಾರತದ ಸಮಯ ಸಂಜೆ 6:30ಕ್ಕೆ ಓಡುತ್ತದೆ, ಅಮೆರಿಕದಲ್ಲಿ ಚಳಿಗಾಲದ ಗಡಿಯಾರ ಬಂದಾಗ 7:30ಕ್ಕೆ. ವರ್ಷಕ್ಕೆ ಎರಡು ಸಲ ಯಾರೂ ಮುಟ್ಟದೆ ಸಮಯ ತಾನೇ ಒಂದು ಗಂಟೆ ಜಾರುತ್ತದೆ ಎಂದು ದೂರು ಬಂದರೆ ಕಾರಣ ಇದೇ ಇರುತ್ತದೆ. ಜೆನೆರಿಕ್ ಟೈಮ್‌ಜೋನ್ ಎಂಬ ವೇರಿಯಬಲ್‌ಗೆ ಏಷ್ಯಾ-ಕೋಲ್ಕತಾ ವಲಯದ ಹೆಸರನ್ನು ಕೊಡಿ. ಕಂಟೇನರಿನ ಸಿಸ್ಟಂ ಸಮಯಕ್ಕಾಗಿ ‘ಟಿಜೆಡ್’ ವೇರಿಯಬಲ್‌ಗೂ ಅದನ್ನೇ ಕೊಡಿ. ಕೆಲವು ವರ್ಕ್‌ಫ್ಲೋಗಳು ತಮ್ಮದೇ ಸೆಟ್ಟಿಂಗ್ಸ್‌ನಲ್ಲಿ ಬೇರೆ ವಲಯವನ್ನು ಹೊತ್ತಿರಬಹುದು, ಅದು ಕಡತದ ಜೊತೆಗೇ ಬರುತ್ತದೆ. ಹಳೆಯ ಸರ್ವರ್‌ನ ವೇರಿಯಬಲ್ ಮರೆತು ಹೊಸದರಲ್ಲಿ ಒಂದಿಷ್ಟು ವರ್ಕ್‌ಫ್ಲೋಗಳು ಮಾತ್ರ ಸರಿಯಾದ ಹೊತ್ತಿಗೆ ಓಡಿದರೆ ಅದರಲ್ಲಿ ಪವಾಡವೇನೂ ಇಲ್ಲ.

ಮೂರನೆಯದು ವಿಳಾಸ. ವೆಬ್‌ಹುಕ್ ಯುಆರ್‌ಎಲ್ ಎಂಬ ವೇರಿಯಬಲ್‌ನಲ್ಲಿ ಹೊರಜಗತ್ತು ಕಾಣುವ ಪೂರ್ಣ ವಿಳಾಸವನ್ನು, ಎಚ್‌ಟಿಟಿಪಿಎಸ್ ಸಮೇತ, ಬರೆಯಿರಿ. ರಿವರ್ಸ್ ಪ್ರಾಕ್ಸಿಯ (ಹೊರಗಿನ ಕರೆಗಳನ್ನು ಪಡೆದು ಒಳಕ್ಕೆ ದಾಟಿಸುವ ಸರ್ವರ್) ಹಿಂದೆ ಕುಳಿತ ಎನ್8ಎನ್‌ಗೆ ತನ್ನ ಹೊರಗಿನ ಹೆಸರು ತಾನಾಗಿ ತಿಳಿಯುವುದಿಲ್ಲ; ಇದನ್ನು ಬಿಟ್ಟರೆ ಅದು 5678ನೇ ಪೋರ್ಟ್ ಸೇರಿದ ಒಳವಿಳಾಸವನ್ನೇ ಹೊರಗಿನ ಸೇವೆಗಳಿಗೆ ಕೊಟ್ಟು ಬರುತ್ತದೆ. ಹಳೆಯ ಡೊಮೇನ್ ಹೆಸರನ್ನೇ ಹೊಸ ಯಂತ್ರಕ್ಕೆ ತಿರುಗಿಸುವ ಅವಕಾಶ ನಿಮಗಿದ್ದರೆ ದಯವಿಟ್ಟು ಹಾಗೆಯೇ ಮಾಡಿ. ಹೆಸರು ಬದಲಾದರೆ ನಿಮ್ಮ ವೆಬ್‌ಹುಕ್ಕನ್ನು ಕರೆಯುವ ಪ್ರತಿ ಜಾಲತಾಣ, ಪ್ರತಿ ಪಾವತಿ ಸೇವೆ, ಪ್ರತಿ ಫಾರ್ಮ್‌ನಲ್ಲೂ ಹೋಗಿ ತಿದ್ದಬೇಕಾಗುತ್ತದೆ. ಡಿಎನ್‌ಎಸ್‌ನ ಟಿಟಿಎಲ್ ಅನ್ನು (ಡೊಮೇನ್ ಹೆಸರಿನ ಹಳೆಯ ಗುರಿಯನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿ) ಒಂದು ದಿನ ಮುಂಚೆಯೇ 300 ಸೆಕೆಂಡಿಗೆ ಇಳಿಸಿಟ್ಟರೆ ಬದಲಾವಣೆಯ ದಿನ ಕಾಯುವ ಹೊತ್ತು ಕಡಿಮೆಯಾಗುತ್ತದೆ.

ಹಂತ 6: ಒಳಗೆ ತನ್ನಿ

ಕಂಟೇನರನ್ನು ಎಬ್ಬಿಸಿ, ಬ್ರೌಸರ್‌ನಲ್ಲಿ ತೆರೆದು, ಮಾಲೀಕನ ಖಾತೆಯನ್ನು ರಚಿಸಿ. ಕಮ್ಯೂನಿಟಿ ನೋಡ್‌ಗಳಿದ್ದರೆ ಈಗಲೇ ಹಾಕಿ. ಆಮೇಲೆ ಇಂಪೋರ್ಟ್ ಆಜ್ಞೆಗಳು: ಮೊದಲು ಕ್ರೆಡೆನ್ಶಿಯಲ್‌ಗಳು, ನಂತರ ವರ್ಕ್‌ಫ್ಲೋಗಳು. ಎರಡಕ್ಕೂ ‘ಸೆಪರೇಟ್’ ಆಯ್ಕೆ ಕೊಟ್ಟು, ‘ಇನ್‌ಪುಟ್’ ಆಯ್ಕೆಯಲ್ಲಿ ಫೋಲ್ಡರ್‌ನ ದಾರಿ ತೋರಿಸಬೇಕು. ಈ ಅನುಕ್ರಮದಲ್ಲಿ ಹೋದರೆ ವರ್ಕ್‌ಫ್ಲೋ ಬಂದು ಕೂರುವಾಗ ಅದಕ್ಕೆ ಬೇಕಾದ ಕ್ರೆಡೆನ್ಶಿಯಲ್ ಅದೇ ಐಡಿಯೊಂದಿಗೆ ಕಾಯುತ್ತಿರುತ್ತದೆ.

ಹೊಸ ಸರ್ವರ್ ಖಾಲಿಯಾಗಿಲ್ಲದಿದ್ದರೆ ಇಲ್ಲಿ ಒಂದು ಅಪಾಯವಿದೆ. ಅದೇ ಐಡಿಯ ವರ್ಕ್‌ಫ್ಲೋ ಅಲ್ಲಿ ಮೊದಲೇ ಇದ್ದರೆ ಇಂಪೋರ್ಟ್ ಆಜ್ಞೆ ನಿಮ್ಮನ್ನು ಕೇಳದೆ ಅದರ ಮೇಲೆ ಬರೆಯುತ್ತದೆ. ಪರೀಕ್ಷೆಯ ಸರ್ವರ್‌ನಿಂದ ಮತ್ತೆ ಮತ್ತೆ ಏರಿಸುವವರಿಗೆ ಇದು ಬೇಕಾದದ್ದೇ. ಆದರೆ ನಿಜ ಬಳಕೆಯ ಸರ್ವರ್‌ನಲ್ಲಿ ಯಾರೋ ತುರ್ತಾಗಿ ಮಾಡಿದ ತಿದ್ದುಪಡಿ ಹೀಗೆಯೇ ಅಳಿಸಿಹೋಗುತ್ತದೆ. ಆದ್ದರಿಂದ ಒಳತರುವ ಮೊದಲು ಹೊಸ ಸರ್ವರ್‌ನದೂ ಒಂದು ಎಕ್ಸ್‌ಪೋರ್ಟ್ ತೆಗೆದಿಡಿ.

ಹಂತ 7: ಪರೀಕ್ಷಿಸಿ

ಪ್ರತಿ ಕ್ರೆಡೆನ್ಶಿಯಲ್ ಅನ್ನೂ ಒಮ್ಮೆ ತೆರೆಯಿರಿ. ಹೆಸರು ಕಂಡರೆ ಸಾಲದು ಎಂಬುದನ್ನು ನನ್ನ ಎರಡು ದಿನಗಳ ಫೋನ್ ಕರೆಗಳು ಹೇಳುತ್ತವೆ. ಹೊರಗಿನ ಡೇಟಾಬೇಸ್‌ಗಳ ಫೈರ್‌ವಾಲ್‌ನಲ್ಲಿ ಹಳೆಯ ಸರ್ವರ್‌ನ ಐಪಿ ವಿಳಾಸಕ್ಕೆ ಮಾತ್ರ ಅನುಮತಿ ಇದ್ದರೆ ಇಲ್ಲಿ ಗೊತ್ತಾಗುತ್ತದೆ. ಆಮೇಲೆ ಪ್ರತಿ ವರ್ಕ್‌ಫ್ಲೋವನ್ನೂ ಕೈಯಿಂದ ಒಮ್ಮೆ ಓಡಿಸಿ, ಆದರೆ ಸಂದೇಶ ಅಥವಾ ಇಮೇಲ್ ಕಳಿಸುವ ನೋಡ್‌ಗಳನ್ನು ಆ ಹೊತ್ತಿಗೆ ನಿಷ್ಕ್ರಿಯಗೊಳಿಸಿ. ಪರೀಕ್ಷೆಯ ವೆಬ್‌ಹುಕ್ ವಿಳಾಸವೂ ನಿಜ ಬಳಕೆಯ ವಿಳಾಸವೂ ಬೇರೆ ಬೇರೆ ಎಂಬುದು ನೆನಪಿರಲಿ. ಪರೀಕ್ಷೆಯದು ಕೆಲಸ ಮಾಡಿತೆಂದು ಇನ್ನೊಂದೂ ಮಾಡುತ್ತದೆ ಎಂದು ಭಾವಿಸಬೇಡಿ.

ಗೂಗಲ್ ಶೀಟ್ಸ್, ಜಿಮೇಲ್ ಮುಂತಾದ ಓಆತ್ (ಪಾಸ್‌ವರ್ಡ್ ಬದಲು ಅನುಮತಿಯ ಟೋಕನ್ ಬಳಸುವ) ಕ್ರೆಡೆನ್ಶಿಯಲ್‌ಗಳದು ಸ್ವಲ್ಪ ವಿಚಿತ್ರ ನಡವಳಿಕೆ. ಅವುಗಳ ಟೋಕನ್ ಗಂಟಿನಲ್ಲೇ ಬಂದಿರುವುದರಿಂದ ಮೊದಲ ದಿನ ಎಲ್ಲವೂ ಸುಗಮ. ಆದರೆ ಮರುಸಂಪರ್ಕ ಮಾಡಬೇಕಾಗಿ ಬಂದ ದಿನ, ಹೊಸ ಡೊಮೇನಿನ ಕಾಲ್‌ಬ್ಯಾಕ್ ವಿಳಾಸ (ಅನುಮತಿಯ ನಂತರ ಗೂಗಲ್ ನಿಮ್ಮನ್ನು ಮರಳಿ ಕಳಿಸುವ ಜಾಗ) ಗೂಗಲ್ ಕ್ಲೌಡ್ ಕನ್ಸೋಲ್‌ನ ರಿಡೈರೆಕ್ಟ್ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ. ಕ್ರೆಡೆನ್ಶಿಯಲ್ ತೆರೆದಾಗ ಮೇಲೆ ಕಾಣುವ ಆ ವಿಳಾಸವನ್ನು ಈಗಲೇ ಪಟ್ಟಿಗೆ ಸೇರಿಸಿ. ಕನ್ಸೋಲ್‌ನಲ್ಲಿ ನಿಮ್ಮ ಆ್ಯಪ್ ಇನ್ನೂ ‘ಟೆಸ್ಟಿಂಗ್’ ಸ್ಥಿತಿಯಲ್ಲಿದ್ದರೆ ಟೋಕನ್ 7 ದಿನಕ್ಕೆ ಮುಗಿಯುತ್ತದೆ. ಸರ್ವರ್ ಬದಲಾಯಿಸಿದ ವಾರದಲ್ಲೇ ಅದು ಸಂಭವಿಸಿದರೆ, ತಪ್ಪೇ ಮಾಡದ ಸಾಗಣೆಯ ಮೇಲೆ ಅಪವಾದ ಬರುತ್ತದೆ.

ಹಂತ 8: ಬದಲಾವಣೆಯ ಕ್ಷಣ

ಇಲ್ಲಿ ಅನುಕ್ರಮವೇ ಎಲ್ಲ. ಮೊದಲು ಹಳೆಯ ಸರ್ವರ್‌ನಲ್ಲಿ ಎಲ್ಲ ವರ್ಕ್‌ಫ್ಲೋಗಳನ್ನೂ ನಿಷ್ಕ್ರಿಯಗೊಳಿಸಿ, ನಂತರವೇ ಹೊಸದರಲ್ಲಿ ಚಾಲನೆ ಕೊಡಿ. ನಡುವೆ ಒಂದೆರಡು ನಿಮಿಷ ಸೇವೆ ನಿಲ್ಲುತ್ತದೆ ಎಂಬ ಅಳುಕಿನಿಂದ ಎರಡನ್ನೂ ಕೂಡಿ ಓಡಿಸಿದರೆ ವೇಳಾಪಟ್ಟಿಯವು ಎರಡೂ ಕಡೆಯಿಂದ ಓಡಿ, ಗ್ರಾಹಕರಿಗೆ ಒಂದೇ ಬಿಲ್ ಎರಡು ಸಲ ಹೋಗುತ್ತದೆ. ಟೆಲಿಗ್ರಾಂನದು ಇನ್ನೂ ಸೂಕ್ಷ್ಮ. ಒಂದು ಬಾಟ್‌ಗೆ ಒಂದೇ ವೆಬ್‌ಹುಕ್ ವಿಳಾಸ ಇರಬಹುದು. ಹೊಸ ಸರ್ವರ್‌ನಲ್ಲಿ ಚಾಲನೆ ಕೊಟ್ಟಾಗ ಅದು ತನ್ನ ವಿಳಾಸವನ್ನು ಅಲ್ಲಿ ಬರೆಸುತ್ತದೆ. ಆಮೇಲೆ ನೀವು ಹಳೆಯದನ್ನು ನಿಲ್ಲಿಸಿದರೆ ಅದು ‘ನನ್ನ ವೆಬ್‌ಹುಕ್ ತೆಗೆದುಹಾಕಿ’ ಎಂದು ಟೆಲಿಗ್ರಾಂಗೆ ಹೇಳುತ್ತದೆ, ಟೆಲಿಗ್ರಾಂ ಅಲ್ಲಿರುವುದನ್ನು, ಅಂದರೆ ಹೊಸದನ್ನು, ತೆಗೆದುಹಾಕುತ್ತದೆ. ಎರಡೂ ಪರದೆಗಳಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಬಾಟ್ ಮಾತ್ರ ಮೌನವಾಗಿರುತ್ತದೆ. ಹೀಗೆ ಆಗಿಹೋಗಿದ್ದರೆ ಹೊಸ ಸರ್ವರ್‌ನಲ್ಲಿ ಆ ವರ್ಕ್‌ಫ್ಲೋವನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲನೆ ಕೊಟ್ಟರೆ ಸರಿಹೋಗುತ್ತದೆ.

ಚಾಲನೆ ಕೊಡುವುದನ್ನು ನಿಮ್ಮ ಕಾಗದದ ಪಟ್ಟಿಯ ಪ್ರಕಾರ, ಪರದೆಯ ಮೇಲಿಂದಲೇ, ಒಂದೊಂದಾಗಿ ಮಾಡಿ. 1ರ ಸಾಲಿನ ಆವೃತ್ತಿಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಸಕ್ರಿಯಗೊಳಿಸುವ ಆಜ್ಞೆ ಇದೆಯಾದರೂ ಅದನ್ನು ಕೊಟ್ಟ ಮೇಲೆ ಎನ್8ಎನ್ ಅನ್ನು ಮರಳಿ ಎಬ್ಬಿಸುವ ತನಕ ಅದು ಜಾರಿಗೆ ಬರುವುದಿಲ್ಲ. ಅಲ್ಲದೆ ವರ್ಷದ ಹಿಂದೆ ಬೇಕೆಂದೇ ನಿಲ್ಲಿಸಿದ್ದ ವರ್ಕ್‌ಫ್ಲೋವನ್ನೂ ಅದು ಎಬ್ಬಿಸಿಬಿಡುತ್ತದೆ.

ಹಂತ 9: ಹಳೆಯ ಮನೆಯ ಬಾಗಿಲು

ಡಿಕ್ರಿಪ್ಟೆಡ್ ಕಡತವನ್ನೇನಾದರೂ ತೆಗೆದಿದ್ದರೆ ಎರಡೂ ಯಂತ್ರಗಳಿಂದ, ನಿಮ್ಮ ಲ್ಯಾಪ್‌ಟಾಪ್‌ನ ಡೌನ್‌ಲೋಡ್ಸ್ ಫೋಲ್ಡರ್‌ನಿಂದಲೂ, ಇಂದೇ ಅಳಿಸಿ. ಆ ಕಡತ ಡಿಸ್ಕಿನಲ್ಲಿದ್ದಾಗ ಸರ್ವರ್‌ನ ಸ್ನ್ಯಾಪ್‌ಶಾಟ್ ತೆಗೆದಿದ್ದರೆ ಅದರೊಳಗೂ ಒಂದು ಪ್ರತಿ ಇರುತ್ತದೆ. ಹಳೆಯ ಸರ್ವರನ್ನು ಮಾತ್ರ ಇಂದೇ ಅಳಿಸಬೇಡಿ. ತಿಂಗಳಿಗೊಮ್ಮೆ ಓಡುವ ವರ್ಕ್‌ಫ್ಲೋ ನಿಮ್ಮಲ್ಲಿದ್ದರೆ ಅದು ಹೊಸ ಮನೆಯಲ್ಲಿ ಒಂದು ಸಲ ಓಡಿ ತೋರಿಸುವವರೆಗಾದರೂ ಕಂಟೇನರನ್ನು ನಿಲ್ಲಿಸಿದ ಸ್ಥಿತಿಯಲ್ಲಿ ಉಳಿಸಿಕೊಳ್ಳಿ. ಅದರ ರೀಸ್ಟಾರ್ಟ್ ನೀತಿಯನ್ನು ‘ನೋ’ ಎಂದು ಬದಲಿಸಿಯೇ ನಿಲ್ಲಿಸಿ. ‘ಆಲ್ವೇಸ್’ ಎಂದು ಬಿಟ್ಟರೆ ನೀವು ಕೈಯಿಂದ ನಿಲ್ಲಿಸಿದ್ದರೂ ಆ ಯಂತ್ರ ಎಂದೋ ಒಂದು ದಿನ ರೀಬೂಟ್ ಆದಾಗ ಡಾಕರ್ ಅದನ್ನು ಮತ್ತೆ ಎಬ್ಬಿಸುತ್ತದೆ, ಮತ್ತು ನಿಷ್ಕ್ರಿಯಗೊಳಿಸಲು ಮರೆತ ಒಂದೇ ಒಂದು ವರ್ಕ್‌ಫ್ಲೋ ಅಲ್ಲಿ ಉಳಿದಿದ್ದರೆ ಮರುದಿನ ಬೆಳಿಗ್ಗೆಯಿಂದ ಎಲ್ಲರಿಗೂ ಎರಡೆರಡು ಸಂದೇಶಗಳು ಬರತೊಡಗುತ್ತವೆ.